ರಾಸ್‌ಬೆರಿ ಪೈ 4: ನಾಲ್ಕು ವರ್ಷ ಆರಿಸದೆ ಓಡಿಸಿದ ಮೇಲೆ

ಈ ವಿಮರ್ಶೆ ಅಂಗೈಯಗಲದ ಕಂಪ್ಯೂಟರ್ ಆದ ರಾಸ್‌ಬೆರಿ ಪೈ 4 ಮಾಡೆಲ್ ಬಿ ಬೋರ್ಡಿನ 4 ಜಿಬಿ ಮಾದರಿಯದು. ಬಳಕೆ ಹಗಲು ರಾತ್ರಿ ಚಾಲೂ ಇರುವ ಪುಟ್ಟ ಸರ್ವರ್ ಆಗಿ: ಕೋಡಿನ ಇತಿಹಾಸ ಇಡುವ ಗಿಟ್ ರೆಪೊಸಿಟರಿಗಳು, ಮನೆಯ ಡಿಎನ್‌ಎಸ್‌ಗೆ (ವೆಬ್ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸುವ ಸೇವೆ) ಜಾಹೀರಾತು ತಡೆಯುವ ಪೈ-ಹೋಲ್, ಉಷ್ಣಾಂಶ ದಾಖಲಿಸುವ ಸೆನ್ಸರ್, ಎರಡು ಮೂರು ಪೈಥಾನ್ ವೆಬ್ ಆ್ಯಪ್. ಕಂಪ್ಯೂಟರ್ ಸೈನ್ಸ್ ಓದುವವರು ಹವ್ಯಾಸಕ್ಕೆಂದು ಕಟ್ಟಿಕೊಳ್ಳುವ ಕೆಲಸಗಳೇ ಇವೆಲ್ಲ. ಬೋರ್ಡ್ ಗಟ್ಟಿ, ಅದರಲ್ಲಿ ಅನುಮಾನವೇ ಇಲ್ಲ. ಕೈಕೊಡುವುದು ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್, ಅದರೊಳಗೆ ತೂರಿಸುವ ಕಾರ್ಡ್, ಅದನ್ನು ಮುಚ್ಚಿಡುವ ಡಬ್ಬಿ. ದುಡ್ಡು ಉಳಿಸುವವರು ಉಳಿಸುವುದೂ ಈ ಮೂರರಲ್ಲೇ.

ಬೋರ್ಡ್ ಹೊರಬಂದದ್ದು 2019ರ ಜೂನ್‌ನಲ್ಲಿ. ನಾಲ್ಕು ಕಾರ್ಟೆಕ್ಸ್-ಎ72 ಕೋರ್‌ಗಳು, ಪೂರ್ಣ ಗಿಗಾಬಿಟ್ ಈಥರ್ನೆಟ್, ಎರಡು ಯುಎಸ್‌ಬಿ 3.0 ಪೋರ್ಟ್. ಹಿಂದಿನ ಪೈಗಳಿಗಿಂತ ಇದು ನಿಜಕ್ಕೂ ಸರ್ವರ್ ಅನ್ನಿಸಿಕೊಂಡದ್ದು ಕೊನೆಯ ಎರಡರಿಂದ. ಸುಮ್ಮನೆ ಕೂತಾಗ ಸುಮಾರು 3 ವ್ಯಾಟ್, ಪೂರ್ತಿ ದುಡಿಸಿದಾಗ 6ರಿಂದ 7 ವ್ಯಾಟ್ ಎಳೆಯುತ್ತದೆ. ವರ್ಷಗಟ್ಟಲೆ ಆರಿಸದೆ ಬಿಡುವ ಧೈರ್ಯ ಬರುವುದು ಈ ಅಂಕಿಯಿಂದ.

ಮೊದಲು ಕರೆಂಟ್

ಪೈ ವಿಚಿತ್ರವಾಗಿ ಆಡುತ್ತಿದೆ ಎಂಬ ದೂರುಗಳಲ್ಲಿ ಬಹುಪಾಲು ಅಡಾಪ್ಟರ್ ಹತ್ತಿರ ಬಂದು ನಿಲ್ಲುತ್ತವೆ. ಬೇಕಾದ್ದು 5.1 ವೋಲ್ಟ್, 3 ಆಂಪಿಯರ್. ಆ 0.1 ವೋಲ್ಟ್ ಅಲಂಕಾರಕ್ಕಲ್ಲ, ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜನ್ನು ತುಂಬಿಕೊಡಲು. ಫೋನ್ ಚಾರ್ಜರ್ ಮೇಲೆ 65 ವ್ಯಾಟ್ ಎಂದು ಬರೆದಿದ್ದರೂ ಉಪಯೋಗವಿಲ್ಲ. ಫಾಸ್ಟ್ ಚಾರ್ಜಿಂಗ್ ಎಂದರೆ ವೋಲ್ಟೇಜ್ ಏರಿಸಿ ಕೊಡುವುದು. ಪೈ 4 ಹಾಗೆ ಕೇಳುವುದೇ ಇಲ್ಲ, ಅದಕ್ಕೆ ಸಿಗುವುದು ಬರೀ 5 ವೋಲ್ಟ್. ಅದೂ ತೆಳುವಾದ ಉದ್ದ ಕೇಬಲ್ ದಾಟಿ ಬರುವಷ್ಟರಲ್ಲಿ ಇನ್ನಷ್ಟು ಇಳಿದಿರುತ್ತದೆ. ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಬೋರ್ಡ್ ವೇಗ ತಗ್ಗಿಸಿ ಎಚ್ಚರಿಕೆ ದಾಖಲಿಸುತ್ತದೆ. ಪರದೆ ಜೋಡಿಸಿದ್ದರೆ ಮೂಲೆಯಲ್ಲಿ ಮಿಂಚಿನ ಗುರುತು ಕಾಣುತ್ತದೆ. ಪರದೆಯಿಲ್ಲದೆ ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ.

ಹಾಗಾಗಿ ‘ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್’ ಆದೇಶ ಬಾಯಿಪಾಠ ಇರಲಿ. ಸೊನ್ನೆ ಬಂದರೆ ಎಲ್ಲ ಸರಿ. 50000 ಬಂದರೆ, ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದು ವೇಗ ತಗ್ಗಿತ್ತು ಎಂದರ್ಥ. 50005 ಬಂದರೆ ಈ ಕ್ಷಣವೂ ಅದೇ ಸ್ಥಿತಿ. ಯುಎಸ್‌ಬಿ ಡಿಸ್ಕ್ ನಡುನಡುವೆ ಮಾಯವಾಗುವುದು, ವೈಫೈ ಕಡಿದುಹೋಗುವುದು, ಕಾರಣವಿಲ್ಲದೆ ರೀಬೂಟ್ ಆಗುವುದು – ಇಂಥದ್ದೇನೇ ಕಂಡರೂ ಕೋಡ್ ತೆರೆದು ನೋಡುವ ಮೊದಲು ಇದನ್ನು ನೋಡಬೇಕು. ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ ಎಂಬುದೂ ನೆನಪಿರಲಿ.

ಕಾರ್ಡ್ ಸವೆಯುವ ವಸ್ತು

ಮೈಕ್ರೊಎಸ್‌ಡಿ ಕಾರ್ಡನ್ನು ಡಿಸ್ಕ್ ಎಂದು ನಂಬಿದವರು ಒಂದಲ್ಲ ಒಂದು ದಿನ ಡೇಟಾ ಕಳೆದುಕೊಳ್ಳುತ್ತಾರೆ. ಕಾರ್ಡಿನ ಸಾವಿಗೆ ಎರಡು ಲಕ್ಷಣ. ಒಂದು, ಫೈಲ್ ಸಿಸ್ಟಂ ಇದ್ದಕ್ಕಿದ್ದಂತೆ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ. ಇನ್ನೊಂದು ಇದಕ್ಕಿಂತ ಮೋಸದ್ದು: ಫೈಲ್ ತಿದ್ದಿ ಉಳಿಸಿದರೆ ಉಳಿದಂತೆಯೇ ಕಾಣುತ್ತದೆ, ರೀಬೂಟ್ ಆದೊಡನೆ ಎಲ್ಲವೂ ಹಳೆಯ ಸ್ಥಿತಿಗೆ ಮರಳಿರುತ್ತದೆ. ಕಾರ್ಡ್ ಬರೆಯುವುದನ್ನು ಬಿಟ್ಟಿದೆ, ಆದರೆ ದೋಷ ಮಾತ್ರ ಹೇಳುತ್ತಿಲ್ಲ. ಆಮೇಲೆ ಆ ಕಾರ್ಡಿಗೆ ಚಿಕಿತ್ಸೆಯಿಲ್ಲ.

ಸವೆತ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಆಯಸ್ಸು ಹೆಚ್ಚಿಸಬಹುದು. ಫ್ಲ್ಯಾಶ್ ಮೆಮೊರಿ ನಾಲ್ಕು ಬೈಟ್ ಬದಲಾಯಿಸಲೂ ದೊಡ್ಡ ಬ್ಲಾಕೊಂದನ್ನು ಅಳಿಸಿ ಬರೆಯಬೇಕಾಗುತ್ತದೆ. ಅಂದರೆ ಪುಟ್ಟ ಪುಟ್ಟ ಬರಹಗಳೇ ಶತ್ರು. ಎರಡು ಸೆಕೆಂಡಿಗೊಮ್ಮೆ ಸೆನ್ಸರ್ ಓದಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ಗೆ ಸೇರಿಸುವ ಸ್ಕ್ರಿಪ್ಟ್ ದಿನಕ್ಕೆ 43,200 ಸಲ ಕಮಿಟ್ ಮಾಡುತ್ತದೆ, ಅಂದರೆ ಕಾರ್ಡಿಗೆ ಬರೆಯುತ್ತದೆ. ಅದೇ ಓದುಗಳನ್ನು ನೆನಪಿನಲ್ಲಿ ಕೂಡಿಟ್ಟು ನಿಮಿಷಕ್ಕೊಂದು ಟ್ರಾನ್ಸಾಕ್ಷನ್‌ನಲ್ಲಿ ಬರೆದರೆ 1,440. ಡೇಟಾ ಅಷ್ಟೇ, ಸವೆತ ಎಷ್ಟೋ ಕಡಿಮೆ. ಕರೆಂಟ್ ಹೋದರೆ ಹೆಚ್ಚೆಂದರೆ ಒಂದು ನಿಮಿಷದ ಅಂಕಿ ಹೋಗುತ್ತದೆ, ಉಷ್ಣಾಂಶಕ್ಕೆ ಅದೇನೂ ನಷ್ಟವಲ್ಲ. ಜೊತೆಗೆ ಎಸ್‌ಕ್ಯೂಲೈಟ್‌ನ ವಾಲ್ ಮೋಡ್ (ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿಗೆ ಸೇರಿಸುವ ವಿಧಾನ) ಹಾಕಿ, ಸಿಸ್ಟಂ ಲಾಗ್ ಬರೆಯುವ ಜರ್ನಲ್‌ಡಿ ಸಂರಚನೆಯಲ್ಲಿ ಸ್ಟೋರೇಜ್ ಎಂಬುದನ್ನು ವಾಲಟೈಲ್ ಮಾಡಿ. ಆಗ ಲಾಗ್‌ಗಳು ರ‍್ಯಾಮ್‌ನಲ್ಲೇ ಉಳಿಯುತ್ತವೆ. ಇದಕ್ಕೆ ತೆರುವ ಬೆಲೆಯೂ ಗೊತ್ತಿರಲಿ: ಬೋರ್ಡ್ ಕುಸಿದು ರೀಬೂಟ್ ಆದರೆ ಕಾರಣ ಹುಡುಕಲು ಲಾಗ್ ಇರುವುದಿಲ್ಲ. ಹೊಸ ಪ್ರಾಜೆಕ್ಟ್ ಕಟ್ಟುವಾಗ ಲಾಗ್ ಡಿಸ್ಕ್ ಮೇಲಿರಲಿ, ಅದು ನೆಲೆಯೂರಿದ ಮೇಲೆ ರ‍್ಯಾಮ್‌ಗೆ ಸರಿಸುವುದು ಸರಿಯಾದ ಕ್ರಮ.

ಹೊಸ ಕಾರ್ಡ್ ಕೊಂಡ ದಿನವೇ ಎಫ್3 ಉಪಕರಣದಿಂದ ಪೂರ್ತಿ ಬರೆದು ಪೂರ್ತಿ ಓದಿ ಪರೀಕ್ಷಿಸಿ. 64 ಜಿಬಿ ಎಂದು ಹೇಳಿಕೊಂಡು ಒಳಗೆ 8 ಜಿಬಿ ಇರುವ ನಕಲಿ ಕಾರ್ಡುಗಳು ಮೊದಲ 8 ಜಿಬಿ ತುಂಬುವವರೆಗೆ ಸಭ್ಯವಾಗಿಯೇ ಇರುತ್ತವೆ.

ಡೇಟಾ ಮುಖ್ಯವಾದರೆ ನೇರವಾಗಿ ಎಸ್‌ಎಸ್‌ಡಿಗೆ ಹೋಗಿ. ಕಾರ್ಡ್ ಸ್ಲಾಟಿನ ಮಿತಿ ಸೆಕೆಂಡಿಗೆ 50 ಎಂಬಿ. ಯುಎಸ್‌ಬಿ 3.0 ಮೂಲಕ ಸಾಟಾ ಎಸ್‌ಎಸ್‌ಡಿ 300 ಎಂಬಿ ದಾಟುತ್ತದೆ. ಪ್ಯಾಕೇಜ್ ಅಪ್‌ಡೇಟ್, ಡಾಕರ್ ಇಮೇಜ್ (ಆ್ಯಪ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿದ ಕಟ್ಟು) ಇಳಿಸುವುದು, ಗಿಟ್ ಕ್ಲೋನ್ – ಎಲ್ಲದರಲ್ಲೂ ಬೇರೆಯೇ ಯಂತ್ರ ಸಿಕ್ಕಂತಾಗುತ್ತದೆ. ಹಳೆಯ ಬೋರ್ಡಾದರೆ ಮೊದಲು ಕಾರ್ಡಿನಿಂದ ಬೂಟ್ ಮಾಡಿ ಬೋರ್ಡ್ ಎಬ್ಬಿಸುವ ಪ್ರೋಗ್ರಾಂ ಇರುವ ಬೂಟ್‌ಲೋಡರ್ ಈಪ್ರಾಮ್ ನವೀಕರಿಸಿ, ರಾಸ್ಪಿ-ಕಾನ್ಫಿಗ್ ಎಂಬ ಸೆಟ್ಟಿಂಗ್ ಉಪಕರಣದಲ್ಲಿ ಬೂಟ್ ಕ್ರಮ ಬದಲಿಸಿ. ಸಿಕ್ಕಿಹಾಕಿಕೊಳ್ಳುವ ಜಾಗ ಯುಎಸ್‌ಬಿಯಿಂದ ಸಾಟಾಗೆ ಬದಲಿಸುವ ಅಡಾಪ್ಟರ್. ಕೆಲವು ಚಿಪ್‌ಗಳು ಯುಎಸ್‌ಬಿ ಡಿಸ್ಕಿನ ವೇಗದ ವಿಧಾನವಾದ ಯುಎಎಸ್‌ನಲ್ಲಿ ಸರಿಯಾಗಿ ನಡೆದುಕೊಳ್ಳುವುದಿಲ್ಲ. ಭಾರ ಬಿದ್ದಾಗ ಡಿಸ್ಕ್ ಹಲವು ಸೆಕೆಂಡು ಸ್ತಬ್ಧವಾಗುತ್ತದೆ, ಲಿನಕ್ಸ್ ಕರ್ನಲ್‌ನ ಸಂದೇಶ ತೋರಿಸುವ ಡಿಮೆಸೆಜ್‌ನಲ್ಲಿ ರೀಸೆಟ್ ಸಾಲುಗಳು ಸಾಲುಗಟ್ಟುತ್ತವೆ. ಪರಿಹಾರ ಹೀಗೆ: ಎಲ್‌ಎಸ್‌ಯುಎಸ್‌ಬಿ ಆದೇಶದಿಂದ ಅಡಾಪ್ಟರಿನ ವೆಂಡರ್ ಮತ್ತು ಪ್ರಾಡಕ್ಟ್ ಸಂಖ್ಯೆ ತಿಳಿದು, ಕರ್ನಲ್‌ನ ಸಿಎಂಡಿಲೈನ್ ಫೈಲಿನ ಅದೇ ಒಂದು ಸಾಲಿನಲ್ಲಿ ಯುಎಸ್‌ಬಿ-ಸ್ಟೋರೇಜ್ ಕ್ವಿರ್ಕ್ಸ್ ಸೇರಿಸಿ, ಆ ಎರಡು ಸಂಖ್ಯೆಗಳ ಕೊನೆಗೆ ‘ಯು’ ಅಕ್ಷರ ಹಾಕಬೇಕು. ಹೊಸ ಸಾಲು ಹೊಡೆದರೆ ಅದನ್ನು ಕರ್ನಲ್ ಓದುವುದಿಲ್ಲ. ಇದರಿಂದ ವೇಗ ಸ್ವಲ್ಪ ಇಳಿಯುತ್ತದೆ, ಸ್ಥಿರತೆ ಬರುತ್ತದೆ.

ಇನ್ನೊಂದು ಸಂಗತಿ: ಯುಎಸ್‌ಬಿ 3.0 ಸಂಕೇತಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಡಿಸ್ಕ್ ಜೋಡಿಸಿದ ಮೇಲೆ ವೈಫೈ ಕುಂಟಿದರೆ 5 ಗಿಗಾಹರ್ಟ್ಸ್‌ಗೆ ಹೋಗಿ, ಇಲ್ಲವೇ ಈಥರ್ನೆಟ್ ಎಳೆಯಿರಿ. 2.4 ಗಿಗಾಹರ್ಟ್ಸ್‌ನಲ್ಲೇ ಮಾತಾಡುವ ಜಿಗ್‌ಬೀ (ಸ್ಮಾರ್ಟ್ ಸಾಧನಗಳ ರೇಡಿಯೊ) ಡಾಂಗಲ್ ಇದ್ದರೆ ಅದನ್ನು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ದೂರವಿಡಿ.

ಶಾಖದ ವಿಚಾರ ಚಿಕ್ಕದು. ಚಿಪ್ 80 ಡಿಗ್ರಿ ಮುಟ್ಟಿದಾಗ ವೇಗ ಇಳಿಯತೊಡಗುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ದೊಡ್ಡ ಕಂಪೈಲ್ ಹಚ್ಚಿದರೆ ಅಲ್ಲಿಗೆ ತಲುಪಲು ಹೆಚ್ಚು ಹೊತ್ತು ಬೇಡ. ಚಿಪ್‌ಗೆ ಅಂಟಿಕೊಂಡು ಕೂರುವ ಅಲ್ಯೂಮಿನಿಯಂ ಡಬ್ಬಿ ಫ್ಯಾನ್‌ಗಿಂತ ಮೇಲು: ಸದ್ದಿಲ್ಲ, ದೂಳು ಎಳೆಯುವುದಿಲ್ಲ, ಕೆಡಲು ಚಲಿಸುವ ಭಾಗವಿಲ್ಲ. ವೈಫೈ ಸಂಕೇತ ಸ್ವಲ್ಪ ಕುಂದುತ್ತದೆ, ಅಷ್ಟೇ. ಫ್ಯಾನೇ ಬೇಕೆನ್ನುವವರು ಎರಡು ತಂತಿಯ ಫ್ಯಾನನ್ನು ಜಿಪಿಐಒ ಪಿನ್‌ಗೆ (ಕೋಡ್‌ನಿಂದ ನಿಯಂತ್ರಿಸುವ ಪಿನ್) ನೇರ ಹಾಕಬಾರದು. ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು.

ಪಿನ್‌ಗಳ ಜೊತೆ ಆಡುವಾಗ

ನಲವತ್ತು ಪಿನ್‌ಗಳ ಹೆಡರ್ ಈ ಬೋರ್ಡಿನ ಜೀವಾಳ. ಹಳೆಯ ಲ್ಯಾಪ್‌ಟಾಪ್ ಎಷ್ಟೇ ವೇಗದ್ದಾದರೂ ಇದನ್ನು ಕೊಡಲಾರದು. ಆದರೆ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ಮುಟ್ಟಿಸಿದರೆ ಸುಟ್ಟುಹೋಗಬಹುದು. ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರಿನ ಎಕೊ ಪಿನ್ ಕೊಡುವುದು 5 ವೋಲ್ಟ್. ಎಕೊದಿಂದ ಜಿಪಿಐಒಗೆ 1 ಕಿಲೊಓಮ್, ಜಿಪಿಐಒದಿಂದ ಗ್ರೌಂಡಿಗೆ 2 ಕಿಲೊಓಮ್ ರೆಸಿಸ್ಟರ್ ಹಾಕಿದರೆ 3.33 ವೋಲ್ಟ್‌ಗೆ ಇಳಿಯುತ್ತದೆ.

ಉಷ್ಣಾಂಶಕ್ಕೆ ಡಿಎಸ್18ಬಿ20 ಒಳ್ಳೆಯ ಆಯ್ಕೆ. ಡೇಟಾ ತಂತಿ ಜಿಪಿಐಒ 4ಕ್ಕೆ, ಅಂದರೆ 7ನೇ ಪಿನ್‌ಗೆ. ಡೇಟಾ ಮತ್ತು 3.3 ವೋಲ್ಟ್ ನಡುವೆ 4.7 ಕಿಲೊಓಮ್. ಈ ರೆಸಿಸ್ಟರ್ ಮರೆತರೆ ಸೆನ್ಸರ್ ಪಟ್ಟಿಯಲ್ಲೇ ಕಾಣುವುದಿಲ್ಲ. ಗ್ರಾಫ್‌ನಲ್ಲಿ ಆಗಾಗ 85 ಡಿಗ್ರಿಯ ಮೊನೆ ಎದ್ದರೆ ಗಾಬರಿ ಬೇಡ. ಕರೆಂಟ್ ಸಿಕ್ಕೊಡನೆ ಸೆನ್ಸರ್ ಒಳಗಿರುವ ಮೂಲ ಬೆಲೆ ಅದು. ಅಳತೆ ಮುಗಿಯಲು ಬೇಕಾದ 750 ಮಿಲಿಸೆಕೆಂಡ್ ಕಾಯದೆ ಓದಿದಾಗ, ಇಲ್ಲವೇ ತಂತಿ ಸಡಿಲವಾಗಿ ಸೆನ್ಸರ್ ಮರುಚಾಲೂ ಆದಾಗ ಬರುತ್ತದೆ. ಸ್ಕ್ರಿಪ್ಟ್‌ನಲ್ಲಿ ಅದನ್ನು ಸೋಸಿಹಾಕಿ, ಮೊದಲ ಸಾಲಿನ ಕೊನೆಯಲ್ಲಿ ‘ಯೆಸ್’ ಇಲ್ಲದ ಓದನ್ನೂ ಬಿಡಿ. ಅಲ್ಲಿ ಸಿಆರ್‌ಸಿ ಎಂಬ ದೋಷಪರೀಕ್ಷೆಯ ಸಂಖ್ಯೆ ತಾಳೆಯಾಗಿಲ್ಲ ಎಂದರ್ಥ.

ಗಡಿಯಾರ ಇಲ್ಲದಿರುವುದು ಈ ಬೋರ್ಡಿನ ನಿಜವಾದ ಕೊರತೆ. ಕರೆಂಟ್ ಹೋಗಿ ಬಂದಾಗ ಅದು ಕೊನೆಯ ಬಾರಿ ಉಳಿಸಿಕೊಂಡ ಸಮಯದಿಂದ ಎದ್ದು, ಆಮೇಲೆ ನೆಟ್‌ವರ್ಕಿನಿಂದ ಸರಿಪಡಿಸಿಕೊಳ್ಳುತ್ತದೆ. ಪೈ-ಹೋಲ್ ಹಾಕಿದವರಿಗೆ ಇಲ್ಲೊಂದು ಸುಳಿ ಕಾದಿದೆ. ಡಿಎನ್‌ಎಸ್ ಉತ್ತರ ನಕಲಿಯಲ್ಲ ಎಂದು ಸಹಿಯಿಂದ ಖಚಿತಪಡಿಸುವ ಡಿಎನ್‌ಎಸ್‌ಸೆಕ್ ಚಾಲೂ ಇದ್ದರೆ ಸಹಿ ಪರಿಶೀಲಿಸಲು ಸರಿಯಾದ ಸಮಯ ಬೇಕು, ಸಮಯ ತರಲು ಸಮಯ ಸರ್ವರಿನ ಹೆಸರು ಬಿಡಿಸಬೇಕು, ಹೆಸರು ಬಿಡಿಸುವುದು ಇದೇ ಪೈ. ದಿನಗಟ್ಟಲೆ ಆಫ್ ಇದ್ದು ಎದ್ದಾಗ ಮನೆಯ ಇಂಟರ್ನೆಟ್ಟೇ ಹೋದಂತೆ ತೋರುತ್ತದೆ. ಸಮಯದ ಸರ್ವರೊಂದನ್ನು ಹೆಸರಿನ ಬದಲು ಐಪಿ ವಿಳಾಸದಿಂದ ಕೊಡುವುದು ಒಂದು ದಾರಿ. ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕುವುದು ಇನ್ನೂ ಒಳ್ಳೆಯದು. ಅದನ್ನು 3.3 ವೋಲ್ಟ್‌ಗೇ ಜೋಡಿಸಿ. 5 ವೋಲ್ಟ್ ಕೊಟ್ಟರೆ ಮಾಡ್ಯೂಲಿನ ಪುಲ್-ಅಪ್ ರೆಸಿಸ್ಟರ್‌ಗಳು ಪೈ ಪಿನ್‌ಗಳನ್ನು 5 ವೋಲ್ಟ್‌ಗೆ ಎಳೆಯುತ್ತವೆ. ಅಗ್ಗದ ಮಾಡ್ಯೂಲ್‌ಗಳಲ್ಲಿರುವ ಚಾರ್ಜಿಂಗ್ ಸರ್ಕೀಟು, ಚಾರ್ಜ್ ಮಾಡಬಾರದ ಸಿಆರ್2032 ಸೆಲ್‌ಗೂ ಕರೆಂಟ್ ತಳ್ಳತೊಡಗುತ್ತದೆ.

ಸಾಫ್ಟ್‌ವೇರ್ ಕಡೆ

ಹಳೆಯ ಟ್ಯುಟೋರಿಯಲ್ ನೋಡಿ ಕಟ್ಟುವವರು ಎಡವುವುದು ಇಲ್ಲಿ. 2022ರ ಏಪ್ರಿಲ್‌ನಿಂದ ‘ಪೈ’ ಎಂಬ ಸಿದ್ಧ ಬಳಕೆದಾರ ಇಲ್ಲ. ಕಾರ್ಡಿಗೆ ಓಎಸ್ ಬರೆಯುವ ಇಮೇಜರ್‌ನಲ್ಲೇ ಹೆಸರು, ಪಾಸ್‌ವರ್ಡ್, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಹೊಂದಿಸಿಕೊಳ್ಳಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ ರಾಸ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಸಂರಚನೆಯ ಫೈಲುಗಳು ಬೂಟ್ ಕೋಶದೊಳಗಿನ ಫರ್ಮ್‌ವೇರ್ ಕೋಶಕ್ಕೆ ಹೋಗಿವೆ, ನೆಟ್‌ವರ್ಕ್ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಡಿಎಚ್‌ಸಿಪಿಸಿಡಿ ಫೈಲ್ ತಿದ್ದಿ ಸ್ಥಿರ ಐಪಿ ಕೊಡುವ ಹಳೆಯ ಉಪಾಯ ಫಲಿಸುವುದಿಲ್ಲ. ರೌಟರ್‌ನಲ್ಲಿ ವಿಳಾಸ ಕಾಯ್ದಿರಿಸುವುದೇ ನೆಮ್ಮದಿ.

ಪೈಥಾನ್ ಲೈಬ್ರರಿಗಳನ್ನು ತರುವ ಪಿಪ್ ಕೂಡ ನೇರವಾಗಿ ಹಾಕಲು ಬಿಡದೆ ‘ಹೊರಗಿನಿಂದ ನಿರ್ವಹಿತ’ ಎಂದು ತಡೆಯುತ್ತದೆ. ಒತ್ತಾಯದ ಆಯ್ಕೆ ಬಳಸಿ ದಾಟಬೇಡಿ, ಸಿಸ್ಟಂನ ಪೈಥಾನ್ ಕಲಸಿಹೋಗುತ್ತದೆ. ಪ್ರತಿ ಪ್ರಾಜೆಕ್ಟಿಗೂ ಒಂದು ವೆನ್ವ್ (ಪ್ರತ್ಯೇಕ ಪೈಥಾನ್ ಪರಿಸರ) ಮಾಡಿ, ಪ್ರೋಗ್ರಾಂ ಅನ್ನು ಹಿನ್ನೆಲೆಯಲ್ಲಿ ಓಡಿಸುವ ಸಿಸ್ಟಂಡಿ ಸೇವೆಯಲ್ಲಿ ಆ ವೆನ್ವ್ ಒಳಗಿನ ಪೈಥಾನ್‌ನ ಪೂರ್ಣ ದಾರಿಯನ್ನೇ ಬರೆಯಿರಿ. ಆ್ಯಕ್ಟಿವೇಟ್ ಮಾಡುವ ಅಗತ್ಯವೇ ಇಲ್ಲ. ವಿಫಲವಾದಾಗ ಐದು ಸೆಕೆಂಡು ಬಿಟ್ಟು ಮತ್ತೆ ಚಾಲೂ ಮಾಡುವ ಸಾಲುಗಳು ಇರಲಿ. ಪ್ರಿಂಟ್ ಮಾಡಿದ್ದು ಲಾಗ್‌ನಲ್ಲಿ ಕಾಣುತ್ತಿಲ್ಲವೆಂದರೆ ಪೈಥಾನ್ ಅದನ್ನು ಬಫರ್‌ನಲ್ಲಿ ಹಿಡಿದಿದೆ. ಪೈಥಾನ್‌ಅನ್‌ಬಫರ್ಡ್ ಎಂಬ ಪರಿಸರ ಚರಕ್ಕೆ 1 ಕೊಟ್ಟರೆ ತಕ್ಷಣ ಬರುತ್ತದೆ.

ತುಂಬ ಸಂತೋಷ ಕೊಡುವ ಬಳಕೆ ಎಂದರೆ ಗಿಟ್‌ನಲ್ಲಿ ಕೋಡ್ ಪುಶ್ ಮಾಡಿದೊಡನೆ ಆ್ಯಪ್ ಬದಲಾಗುವ ವ್ಯವಸ್ಥೆ. ಪೈ ಮೇಲೆ ಬೇರ್ ರೆಪೊಸಿಟರಿ (ಕೆಲಸದ ಫೈಲುಗಳಿಲ್ಲದೆ ಇತಿಹಾಸ ಮಾತ್ರ ಇರುವುದು), ಅದರಲ್ಲಿ ಪುಶ್ ಬಂದೊಡನೆ ಓಡುವ ಪೋಸ್ಟ್-ರಿಸೀವ್ ಹುಕ್, ಹುಕ್‌ನಲ್ಲಿ ಆ್ಯಪ್ ಕೋಶಕ್ಕೆ ಚೆಕ್‌ಔಟ್ ಮಾಡಿ ಸೇವೆ ಮರುಚಾಲೂ ಮಾಡುವ ಎರಡು ಸಾಲು. ಹುಕ್ ಓಡದಿದ್ದರೆ ಫೈಲಿಗೆ ಎಕ್ಸಿಕ್ಯೂಟ್ ಅನುಮತಿ ಇದೆಯೇ ನೋಡಿ. ಹುಕ್ ಒಳಗಿನಿಂದ ಬೇರೆ ಕೋಶಕ್ಕೆ ಹೋಗಿ ಗಿಟ್ ಪುಲ್ ಮಾಡಿದಾಗ ವಿಚಿತ್ರ ದೋಷ ಬಂದರೆ, ಗಿಟ್_ಡಿಐಆರ್ ಎಂಬ ಚರ ಇನ್ನೂ ಹಳೆಯ ರೆಪೊಸಿಟರಿಯನ್ನೇ ತೋರಿಸುತ್ತಿದೆ. ಅದನ್ನು ಮೊದಲು ಅನ್‌ಸೆಟ್ ಮಾಡಬೇಕು.

ಪುಟ್ಟ ಇ-ಇಂಕ್ ಪರದೆಯಲ್ಲಿ ಕನ್ನಡ ತೋರಿಸುವ ಆಸೆ ಇರುವವರಿಗೆ: ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಪಿಲ್ಲೊ ಲೈಬ್ರರಿ, ಅಕ್ಷರಗಳನ್ನು ಕೂಡಿಸುವ ರಾಕಂ ಲೈಬ್ರರಿಯ ಬೆಂಬಲವಿಲ್ಲದೆ ಒತ್ತಕ್ಷರಗಳನ್ನು ಒಡೆದು ಬಿಡಿಸಿಡುತ್ತದೆ. ಫಾಂಟ್ ಬದಲಿಸುತ್ತ ಕೂತರೆ ಸರಿಹೋಗದು. ಪಿಲ್ಲೊ ಫೀಚರ್ಸ್ ಮೂಲಕ ರಾಕಂ ಇದೆಯೇ ಎಂದು ಮೊದಲು ಕೇಳಿ ನೋಡಿ.

ಎಷ್ಟು ರ‍್ಯಾಮ್ ಬೇಕು? ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿಯಲ್ಲಿ ಮೇಲೆ ಹೇಳಿದ ಕೆಲಸಗಳಿಗೆ 2 ಜಿಬಿ ಸಾಕು. ಡಾಕರ್, ಅಥವಾ ಲ್ಯಾಪ್‌ಟಾಪಿನಿಂದ ವಿಎಸ್ ಕೋಡ್ ರಿಮೋಟ್ ಬಳಸುವವರಿಗೆ 4 ಜಿಬಿ. ನಾಲ್ಕು ಕೋರ್ ಇದೆಯೆಂದು ದೊಡ್ಡ ಸಿ++ ಪ್ರಾಜೆಕ್ಟನ್ನು ನಾಲ್ಕು ಕೆಲಸಗಳಾಗಿ ಮೇಕ್ ಮಾಡಿದರೆ 2 ಜಿಬಿ ಬೋರ್ಡ್ ನೆನಪು ಸಾಲದೆ ಕಂಪೈಲರನ್ನು ಕೊಂದುಬಿಡುತ್ತದೆ, ಎರಡಕ್ಕೆ ಇಳಿಸಿ. ಡಾಕರ್‌ನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದರೆ ಆ ಇಮೇಜ್ ಪೈಯಲ್ಲಿರುವ ಆರ್ಮ್ ಪ್ರೊಸೆಸರ್‌ಗೆ ಕಟ್ಟಿದ್ದಲ್ಲ.

ಪೈ 5 ಬಂದಿದೆ, ವೇಗ ಬಹಳ ಹೆಚ್ಚು, ಗಡಿಯಾರವೂ ಪವರ್ ಬಟನ್ನೂ ಇವೆ. ಆದರೆ ಅದರ ಅಧಿಕೃತ ಅಡಾಪ್ಟರ್ 5 ಆಂಪಿಯರ್‌ನದು, ಭಾರದಲ್ಲಿ ಫ್ಯಾನ್ ಬೇಕಾಗುತ್ತದೆ, ಹಳೆಯ ಆರ್‌ಪಿಐ-ಜಿಪಿಐಒ ಲೈಬ್ರರಿ ಅದರ ಮೇಲೆ ಓಡುವುದಿಲ್ಲ. ಪೈ 4ರ ಮೇಲೆ ಇಂದು ಬರೆಯುವ ಕೋಡನ್ನೂ ಜಿಪಿಐಒ-ಜೀರೊ ಲೈಬ್ರರಿಯಲ್ಲೇ ಬರೆದರೆ ಮುಂದೆ ಬೋರ್ಡ್ ಬದಲಿಸುವಾಗ ಹೆಚ್ಚೇನೂ ತಿದ್ದಬೇಕಾಗುವುದಿಲ್ಲ. ಒಂದೇ ಒಂದು ಸೆನ್ಸರ್ ಓದಿ ಕಳಿಸುವುದಷ್ಟೇ ಕೆಲಸವಾದರೆ ಎರಡೂ ಬೇಡ, ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಸಾಕು.

ಬ್ಯಾಕಪ್‌ಗೆ ಪ್ರತಿ ರಾತ್ರಿ ಆರ್‌ಸಿಂಕ್ (ಬದಲಾದ ಫೈಲುಗಳನ್ನಷ್ಟೇ ಬೇರೆಡೆಗೆ ನಕಲಿಸುವ ಉಪಕರಣ). ಚಾಲೂ ಇರುವ ಎಸ್‌ಕ್ಯೂಲೈಟ್ ಫೈಲನ್ನು ಹಾಗೇ ನಕಲು ಮಾಡಿದರೆ ಅರ್ಧ ಬರೆದ ಸ್ಥಿತಿ ಸಿಗಬಹುದು. ಅದರದೇ ಬ್ಯಾಕಪ್ ಆದೇಶದಿಂದ ಪ್ರತಿ ತೆಗೆದು, ಆ ಪ್ರತಿಯನ್ನು ಕಳಿಸಿ. ತಿಂಗಳಿಗೊಮ್ಮೆ ಇನ್ನೊಂದು ಕಾರ್ಡಿಗೆ ಪೂರ್ತಿ ಬ್ಯಾಕಪ್ಪನ್ನು ಮರಳಿ ಹಾಕಿ ಬೂಟ್ ಮಾಡಿ ನೋಡಿ, ಅದೇ ಕಾರ್ಡ್ ಡಬ್ಬಿಯ ಪಕ್ಕದಲ್ಲಿ ಸಿದ್ಧವಾಗಿ ಇರಲಿ.