ಹಿತ್ತಿಲ ಹೊಂಡಕ್ಕೆ ಕಬ್ಬಿಣದ ಜಾಲರಿ: ಒಂದು ಮಳೆಗಾಲ ಕಳೆದ ಮೇಲೆ

ಕಳೆದ ಏಪ್ರಿಲ್‌ನಲ್ಲಿ ತಂಗಿ ಎರಡನೇ ಬಾಣಂತನಕ್ಕೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮನೆಗೆ ಬಂದಳು. ಜೊತೆಗೆ ಎರಡೂಕಾಲು ವರ್ಷದ ದೊಡ್ಡ ಮಗ. ಬಾಣಂತಿ ಇರುವ ಮನೆ ಗೊತ್ತಲ್ಲ, ಒಬ್ಬರು ಹಂಡೆಗೆ ಉರಿ ಹಾಕುತ್ತಿರುತ್ತಾರೆ, ಒಬ್ಬರು ಮಗುವಿಗೆ ಎಣ್ಣೆ ಹಚ್ಚುತ್ತಿರುತ್ತಾರೆ, ನೋಡಲು ಬಂದವರಿಗೆ ಇನ್ನೊಬ್ಬರು ಕಾಫಿ ಮಾಡುತ್ತಿರುತ್ತಾರೆ. ದೊಡ್ಡವನನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದೇ ಎಲ್ಲರೂ ಅಂದುಕೊಂಡಿರುತ್ತಾರೆ.

ಹಿತ್ತಿಲ ಬಾಗಿಲಿನಿಂದ ಹದಿನೈದು ಹೆಜ್ಜೆಗೆ ನಮ್ಮ ಹೊಂಡ. ಅಪ್ಪ ಜಂಬಿಟ್ಟಿಗೆಯಲ್ಲಿ ಕಟ್ಟಿಸಿದ್ದು. 12 ಅಡಿ ಉದ್ದ, 8 ಅಡಿ ಅಗಲ, ಮೂರಡಿ ಆಳ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು, ಅಂದರೆ ಝರಿಯ ನೀರು, ಅದಕ್ಕೆ ಬಂದು ಬಿದ್ದು ಅಲ್ಲಿಂದ ತೋಟಕ್ಕೆ ಹೋಗುತ್ತದೆ. ತಾವರೆ ಇದೆ, ಗಪ್ಪಿ ಮೀನಿವೆ. ಕಟ್ಟೆ ನೆಲದಿಂದ ಒಂದೇ ಗೇಣು.

ಬಂದ ಮೂರನೇ ದಿನ ಅಳಿಯ ಆ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮೀನಿಗೆ ಕೈ ಚಾಚಿದ್ದ. ಕಟ್ಟಿಗೆ ತರಲು ಹೋದ ನನ್ನ ಕಣ್ಣಿಗೆ ಬಿದ್ದ. ಕೂಗಿದರೆ ಬೆಚ್ಚಿ ಬಿದ್ದಾನು ಎಂದು ಸದ್ದಿಲ್ಲದೆ ಹಿಂದಿನಿಂದ ಹೋಗಿ ಎತ್ತಿಕೊಂಡೆ. ಆ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ. ಬಗ್ಗಿದರೆ ಮುಂದಕ್ಕೆ ಮುಗ್ಗರಿಸುತ್ತವೆ, ಬಿದ್ದರೆ ಕೂಗಲು ಆಗುವುದಿಲ್ಲ. ಮೊಣಕಾಲುದ್ದದ ನೀರು, ನಾಲ್ಕು ನಿಮಿಷ, ಅಷ್ಟು ಸಾಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಮಣ್ಣು ಹಾಕಿ ಮುಚ್ಚಿಸಿಬಿಡು ಮಾರಾಯ, ಮಗುವಿಗಿಂತ ನೀರು ಹೆಚ್ಚಾ?" ಎಂದಳು ಅಮ್ಮ. ಅವಳ ಮಾತು ಸರಿ. ಬರೀ ಚೆಂದಕ್ಕೆ ಮಾಡಿದ ಹೊಂಡವಾಗಿದ್ದರೆ ಮುಚ್ಚಿಸುತ್ತಿದ್ದೆ, ಅಂಥದ್ದು ಇರುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ: ಮಗುವಿಗೆ ಐದು ತುಂಬುವವರೆಗೆ ಮರಳು ತುಂಬಿಸಿಡಿ. ನಮ್ಮದರಲ್ಲಿ ತೋಟದ ನೀರಿತ್ತು.

ಮೊದಲು ತಂದದ್ದು ಗೊಬ್ಬರದ ಅಂಗಡಿಯ ನೈಲಾನ್ ಬಲೆ, 1,800 ರೂಪಾಯಿ. ಬಿಗಿಯಾಗಿ ಎಳೆದು ಗೂಟಕ್ಕೆ ಕಟ್ಟಿದೆ. ಅಳಿಯನ ತೂಕ 12 ಕಿಲೋ. ಅಷ್ಟೇ ತೂಕದ ತೆಂಗಿನಕಾಯಿ ಚೀಲ ಅದರ ಮೇಲೆ ಇಟ್ಟು ನೋಡಿದೆ. ಬಲೆ ತೊಟ್ಟಿಲಿನ ಹಾಗೆ ಜೋತು, ಚೀಲದ ಮುಕ್ಕಾಲು ಪಾಲು ನೀರೊಳಗೆ ಹೋಯಿತು. ಮೇಲೆತ್ತಲು ಹೋದರೆ ಬಲೆಯೇ ಸುತ್ತಿಕೊಂಡಿತು. ಮರುದಿನ ಬೆಳಿಗ್ಗೆ ನೀರೊಳ್ಳೆ ಹಾವೊಂದು ಸಿಕ್ಕಿಹಾಕಿಕೊಂಡಿತ್ತು, ಕತ್ತರಿ ಹಿಡಿದು ಬಿಡಿಸಬೇಕಾಯಿತು. ಎಲೆ ಬೀಳದ ಹಾಗೆ, ಕೊಕ್ಕರೆ ಮೀನು ಹಿಡಿಯದ ಹಾಗೆ ಬಲೆ ತಡೆದೀತು. ಮಗುವನ್ನು ತಡೆಯುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಆಮೇಲೆ ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿಯವರು ಖುದ್ದಾಗಿ ಮನೆಗೆ ಬಂದು ಅಳತೆ ತೆಗೆದುಕೊಂಡರು. ಇಡೀ ಹೊಂಡಕ್ಕೆ ಒಂದೇ ಮುಚ್ಚಳ ಬೇಡ, ತೊಳೆಯುವಾಗ ಎತ್ತಲಾಗುವುದಿಲ್ಲ ಎಂದು ಅವರೇ ಹೇಳಿ ನಾಲ್ಕು ಭಾಗ ಮಾಡಿದರು. ಒಂದೊಂದೂ 8 ಅಡಿಗೆ 3 ಅಡಿ. ಒಂದೂವರೆ ಇಂಚಿನ ಚೌಕ ಪೈಪಿನ ಚೌಕಟ್ಟು, ನಡುವೆ ಎರಡು ಅಡ್ಡಪಟ್ಟಿ, ಮೇಲೆ ಎರಡಿಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ವೆಲ್ಡ್ ಮೆಶ್. ಒಂದು ಭಾಗ ಸುಮಾರು 28 ಕಿಲೋ. ಮಗು ಅಲುಗಿಸಲಾರದು, ಇಬ್ಬರು ದೊಡ್ಡವರು ಸಲೀಸಾಗಿ ಎತ್ತಬಹುದು. ಹನ್ನೊಂದು ದಿನದಲ್ಲಿ ಕೆಲಸ ಮುಗಿಯಿತು, ಸಾಗಣೆ ಸೇರಿ 23,500 ರೂಪಾಯಿ. ಕೂರಿಸಿದ ದಿನ 72 ಕಿಲೋದ ನಾನು ಪ್ರತಿ ಭಾಗದ ಮಧ್ಯೆ ನಿಂತೆ, ಬಾಗಲಿಲ್ಲ. ಕಪ್ಪೆ ಓಡಾಡುತ್ತವೆ, ತಾವರೆ ಮೊಗ್ಗು ಕಣ್ಣಿನೊಳಗಿಂದ ತಲೆ ಹಾಕುತ್ತದೆ. ದೊಡ್ಡ ಎಲೆಗಳು ಮಾತ್ರ ಅಡಿಯಲ್ಲೇ ಮಡಚಿಕೊಂಡವು.

ಬಂದ ತೊಂದರೆ ಜಾಲರಿಯದ್ದಲ್ಲ, ನೀರಿನದ್ದು. ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ, ಕಟ್ಟೆಯ ಒಳಗೆ ಅದನ್ನು ಕೂರಿಸಿದ್ದರು. ಬೇಸಿಗೆಯ ಮಟ್ಟ ಅದು! ಪುಷ್ಯ ಮಳೆ ಹೊಡೆಯತೊಡಗಿದ ಮೂರನೇ ಬೆಳಿಗ್ಗೆ ಹೋಗಿ ನೋಡಿದರೆ ಜಾಲರಿಯ ಮೇಲೆ ಅಂಗೈ ಅಗಲ ನೀರು ನಿಂತಿತ್ತು. ಹೆಚ್ಚಾದ ನೀರು ಹೋಗುವ ಪೈಪಿಗೆ ಎಲೆ ಕಟ್ಟಿಕೊಂಡಿತ್ತು. ಜಾಲರಿ ಇದೆ ಎಂಬ ಧೈರ್ಯದಲ್ಲಿ ಮನೆಯಲ್ಲಿ ಎಲ್ಲರೂ ನಿಗಾ ಸಡಿಲ ಮಾಡಿದ್ದೆವು. ಜಾರುವ ಕಬ್ಬಿಣ, ಅದರ ಮೇಲೆ ಅಷ್ಟು ನೀರು, ಮುಖ ಅಡಿಯಾಗಿ ಬಿದ್ದ ಮಗು. ಅದನ್ನು ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಫೋನ್ ಮಾಡಿದೆ. ಮಳೆಯಲ್ಲಿ ವೆಲ್ಡಿಂಗ್ ಆಗುವುದಿಲ್ಲ ಎಂದು ಎಂಟು ದಿನ ಮುಂದೂಡಿದರು. ಅದು ನನಗೆ ಸರಿ ಕಾಣಲಿಲ್ಲ. ಅಷ್ಟು ದಿನವೂ ಅಬ್ಬಿ ನೀರನ್ನು ಬೇರೆ ಕಡೆ ತಿರುಗಿಸಿ, ಪೈಪಿನ ಬಾಯಿ ಎರಡು ಹೊತ್ತು ನಾನೇ ಬಿಡಿಸಿದೆ. ಕೊನೆಗೆ ಬಂದು ಜಾಲರಿಯನ್ನು ಕಟ್ಟೆಯ ಮಟ್ಟಕ್ಕೇ ಎತ್ತಿ ಕೂರಿಸಿದರು, ಇನ್ನೊಂದು ನಾಲ್ಕಿಂಚಿನ ಪೈಪನ್ನು ಜಾಲರಿಗಿಂತ ಒಂದು ಗೇಣು ಕೆಳಗೆ ಹಾಕಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಮಲೆನಾಡಿನಲ್ಲಿ ಇಂಥ ಕೆಲಸ ಮಾಡಿಸುವವರು ಮೊದಲು ಪೈಪಿನ ಜಾಗ ಗೊತ್ತುಮಾಡಿ, ಆಮೇಲೆ ಜಾಲರಿಯ ಅಳತೆ ಕೊಡಿ.

ಹಿತ್ತಿಲ ಮೆಟ್ಟಿಲಿಗೂ ಅವರಿಂದಲೇ ಒಂದು ಗೇಟ್ ಮಾಡಿಸಿದೆ. ಭಾವನ ಅಣ್ಣ ಮೆಲ್ಬರ್ನ್‌ನಲ್ಲಿದ್ದಾರೆ. 30 ಸೆಂಟಿಮೀಟರ್‌ಗಿಂತ ಹೆಚ್ಚು ನೀರು ನಿಲ್ಲುವ ಈಜುಕೊಳಕ್ಕೆ ಅಲ್ಲಿ ಬೇಲಿ ಕಡ್ಡಾಯವಂತೆ: ಎತ್ತರ 1.2 ಮೀಟರ್, ಸರಳುಗಳ ನಡುವೆ 10 ಸೆಂಟಿಮೀಟರ್‌ಗಿಂತ ಹೆಚ್ಚು ಸಂದಿ ಇರಬಾರದು, ಗೇಟ್ ಕೊಳದಿಂದ ಆಚೆಗೇ ತೆರೆದು ತಾನಾಗಿ ಮುಚ್ಚಿಕೊಳ್ಳಬೇಕು. ಅದೇ ಅಳತೆ ಬರೆದು ಕೊಟ್ಟೆ. ಸರಳು, ಎತ್ತರ ಎಲ್ಲ ಸರಿಯಾಗಿ ಬಂತು. ಸ್ಪ್ರಿಂಗ್ ಮಾತ್ರ ಎರಡು ತಿಂಗಳಲ್ಲಿ ತುಕ್ಕು ಹಿಡಿದು ಗೇಟ್ ಅರ್ಧಕ್ಕೇ ನಿಲ್ಲತೊಡಗಿತು. ಸ್ಟೇನ್‌ಲೆಸ್ ಸ್ಟೀಲಿನ ಸ್ಪ್ರಿಂಗ್ ತರಿಸಿ ನಾನೇ ಹಾಕಿಕೊಂಡೆ.

ಮೆಶ್ ತುಕ್ಕು ಹಿಡಿದಿಲ್ಲ. ವೆಲ್ಡ್ ಮಾಡಿದ ಕಡೆಗಳಲ್ಲಿ ಸತುವಿನ ಲೇಪ ಸುಟ್ಟುಹೋಗಿರುವುದರಿಂದ ಕೆಂಪು ಚುಕ್ಕೆಗಳು ಎದ್ದಿವೆ. ಉಜ್ಜಿ ಜಿಂಕ್ ಪ್ರೈಮರ್ ಬಳಿಯಬೇಕು, ದೀಪಾವಳಿಗೆ ಮೊದಲು ಆ ಕೆಲಸ. ಜಾಲರಿಗೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಮಳೆಯಲ್ಲಿ ಎಂಟು ದಿನ ಕಾಯಿಸಿದ್ದಕ್ಕೆ ಅಂಗಡಿಗೆ ಮೂರು. ತಂಗಿ ಊರಿಗೆ ವಾಪಸಾಗಿದ್ದಾಳೆ, ಚಿಕ್ಕದು ಈಗ ಬೋರಲು ಬೀಳುತ್ತಿದೆ. ಬೇಸಿಗೆ ರಜಕ್ಕೆ ಬರುವ ಹೊತ್ತಿಗೆ ಅದೂ ಅಂಬೆಗಾಲಿಡುತ್ತಿರುತ್ತದೆ. ಬಚ್ಚಲ ಹೊರಗಿನ ನೀರಿನ ತೊಟ್ಟಿಗೂ ಮುಚ್ಚಳದ ಅಳತೆ ಕೊಟ್ಟು ಬಂದಿದ್ದೇನೆ.