ಶಿಕ್ಷಕರಿಗೆ ಮಕ್ಕಳ ಮಾನಸಿಕ ಆರೋಗ್ಯದ ತರಬೇತಿ, ಜೊತೆಗೆ ಟೆಲಿ ಮನಸ್ 14416: ಒಬ್ಬ ಹೈಸ್ಕೂಲ್ ಟೀಚರ್ ಅಭಿಪ್ರಾಯ

ಟೆಲಿ ಮನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕಷ್ಟದಲ್ಲಿರುವವರೇ ಫೋನ್ ಮಾಡಬೇಕು ಅಂತೇನಿಲ್ಲ. ಮಗುವಿನ ಬಗ್ಗೆ ಕೇಳಲು ಶಿಕ್ಷಕರೂ ಮಾಡಬಹುದು. ನಮ್ಮ ಸ್ಟಾಫ್ ರೂಮಿನಲ್ಲಿ ತುಂಬಾ ಜನಕ್ಕೆ ಇದು ಗೊತ್ತೇ ಇರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ ಇದು, ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಒಬ್ಬ ವಿದ್ಯಾರ್ಥಿನಿಯ ವಿಷಯಕ್ಕೆ ನಾನು ಫೋನ್ ಮಾಡಿದ್ದೆ. ಏನಾಗಿತ್ತು ಅಂತ ಇಲ್ಲಿ ಬರೆಯುವುದಿಲ್ಲ, ಅದು ಅವಳ ವಿಷಯ. ಆಪ್ತಸಮಾಲೋಚಕಿ ಮೊದಲು ಕೇಳಿದ್ದು ಮಗು ಈಗ ಎಲ್ಲಿದೆ, ಹತ್ತಿರ ಯಾರಿದ್ದಾರೆ ಅಂತ. ಆಮೇಲೆ ಊಟ, ನಿದ್ದೆ, ಶಾಲೆಗೆ ಬರುವುದು ತಪ್ಪಿಸುತ್ತಾಳಾ ಅಂತ ಒಂದೊಂದಾಗಿ ಕೇಳಿದರು. ಸ್ವಲ್ಪವೂ ಅವಸರ ಇರಲಿಲ್ಲ. ಅಪ್ಪ ಅಮ್ಮನನ್ನು ಕರೆಸಿದಾಗ ಹೇಗೆ ಮಾತು ತೆಗೆಯಬೇಕು, ಅವಳ ಎದುರಿಗೆ ಯಾವ ಮಾತು ಬೇಡ ಅಂತ ಬಿಡಿಸಿ ಹೇಳಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆ ನೋಡುವ ಮನೋಚೈತನ್ಯ ಕ್ಲಿನಿಕ್ ಮಂಗಳವಾರ ನಡೆಯುತ್ತದೆ, ಅಲ್ಲಿಗೆ ಕರೆದುಕೊಂಡು ಹೋಗಲು ಹೇಳಿ ಎಂದರು. ಜಿಲ್ಲಾ ಕೇಂದ್ರದವರೆಗೆ ಹೋಗಬೇಕಾಗಿದ್ದರೆ ಆ ಮನೆಯವರು ಒಂದು ದಿನದ ಕೂಲಿ ಬಿಟ್ಟು ಹೋಗುತ್ತಿದ್ದರಾ? ನನಗೆ ಅನುಮಾನ.

ಇನ್ನು ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ನಮಗೆ ಕೊಟ್ಟ ತರಬೇತಿ. ನಡೆಸಿದವರ ಹೆಸರು ಹಾಕುವುದಿಲ್ಲ. ಬೆಳಗಿನ ಹೊತ್ತು ಪೂರ್ತಿ ಪಿಪಿಟಿ. ಕಾಯಿಲೆಗಳ ಹೆಸರು, ಲಕ್ಷಣ, ಮತ್ತೆ ಹೆಸರು, ಅದೂ ಅರ್ಧ ಇಂಗ್ಲಿಷಿನಲ್ಲಿ. ಶಿಕ್ಷಕರು ರೋಗ ಕಂಡುಹಿಡಿಯಬೇಕಾಗಿಲ್ಲ ಅಲ್ವಾ? ಸೋಮವಾರ ಬಂದರೆ ಹೊಟ್ಟೆನೋವು ಅನ್ನುವ ಹುಡುಗ, ಬಿಸಿಯೂಟಕ್ಕೆ ಕೂರದೆ ಒಬ್ಬಳೇ ಹಿಂದೆ ಉಳಿಯುವ ಹುಡುಗಿ, ಸೆಕೆಯಲ್ಲೂ ತೋಳು ಮುಚ್ಚಿಕೊಂಡೇ ಬರುವ ಮಗು ನಮ್ಮ ಕಣ್ಣಿಗೆ ಬಿದ್ದರೆ ಸಾಕು, ಮುಂದಿನದನ್ನು ತಿಳಿದವರು ನೋಡುತ್ತಾರೆ.

ಮಧ್ಯಾಹ್ನದ ಭಾಗ ಮಾತ್ರ ಬೇರೆಯೇ ಆಗಿತ್ತು. ನಮ್ಮನ್ನು ಇಬ್ಬಿಬ್ಬರಾಗಿ ಕೂರಿಸಿದರು. ಒಬ್ಬರು ತಮ್ಮ ಚಿಂತೆ ಹೇಳಬೇಕು, ಇನ್ನೊಬ್ಬರು ಬುದ್ಧಿವಾದ ಹೇಳದೆ ಸುಮ್ನೆ ಕೇಳಬೇಕು. ವರ್ಷಗಟ್ಟಲೆ ಪಾಠ ಮಾಡಿದವರಿಗೂ ಇದು ಆಗಲಿಲ್ಲ, ಎಲ್ಲರ ಬಾಯಿಂದಲೂ "ಧೈರ್ಯ ತಗೊಳ್ಳಿ" ಅನ್ನುವುದು ತಾನಾಗಿ ಬಂತು. ಸಾಯಬೇಕು ಅನಿಸುತ್ತಿದೆಯಾ ಎಂದು ಮಗುವನ್ನು ನೇರವಾಗಿ ಕೇಳಬಹುದು, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ ಅಂತ ಸಂಪನ್ಮೂಲ ವ್ಯಕ್ತಿ ಹೇಳಿದಾಗ ಇಡೀ ಕೊಠಡಿ ಎದ್ದು ಕೂತಿತು. ಯಾರಿಗೂ ಹೇಳಲ್ಲ ಅಂತ ಮಗುವಿಗೆ ಮಾತು ಕೊಡಬೇಡಿ ಅಂತಲೂ ಹೇಳಿದರು. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಹಾಗಾಗಿ ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ಈ ಭಾಗಕ್ಕೆ ಪೂರ್ತಿ ಅಂಕ.

ನನ್ನ ದೊಡ್ಡ ದೂರು ಏನೆಂದರೆ ಆಮೇಲೆ ಯಾರೂ ಬರಲಿಲ್ಲ. ಹಾಜರಿ ಹಾಕಿಸಿಕೊಂಡರು, ಪ್ರಮಾಣಪತ್ರ ಕೊಟ್ಟರು, ಮುಗಿಯಿತು. ನಿಜವಾದ ಪ್ರಶ್ನೆಗಳು ಶುರುವಾಗುವುದು ತರಗತಿಗೆ ವಾಪಸ್ ಹೋದ ಮೇಲೆ. ತಿಂಗಳಿಗೊಮ್ಮೆ ಫೋನಿನಲ್ಲಾದರೂ ತಜ್ಞರೊಬ್ಬರು ಸಿಕ್ಕರೆ, ಹೀಗಾಯಿತು ಮೇಡಂ, ನಾನು ಹೀಗೆ ಮಾಡಿದೆ, ಸರಿಯಾ ಅಂತ ಕೇಳಿ ಕಲಿಯಬಹುದಿತ್ತು. ಈಜು ಕಲಿಸುತ್ತೇವೆ ಅಂತ ದಡದಲ್ಲೇ ಬಿಟ್ಟು ಹೋದ ಹಾಗಾಯಿತು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ 60 ಮಕ್ಕಳ ತರಗತಿಯಲ್ಲಿ ನಾಲ್ಕು ಮಕ್ಕಳು! 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡಬೇಕು ಅಂತಿದೆ. ಯೋಜನೆ ಒಳ್ಳೆಯದೇ, ಆದರೆ ಪಾಠ, ಪರೀಕ್ಷೆ, ಆನ್‌ಲೈನ್ ಎಂಟ್ರಿ ಎಲ್ಲದರ ಮೇಲೆ ಇದನ್ನೂ ಹೊರಿಸಿದರೆ ಆ ಇಬ್ಬರು ಎಷ್ಟಂತ ಮಾಡುತ್ತಾರೆ? 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: 100 ಅಥವಾ ಜಾಸ್ತಿ ಮಕ್ಕಳಿರುವ ಕಡೆ ಅರ್ಹ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು, ಕಡಿಮೆ ಮಕ್ಕಳಿದ್ದರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು, ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಕೊಡಬೇಕು. ಪೋಷಕರ ಸಭೆಯಲ್ಲಿ ಧೈರ್ಯವಾಗಿ ಇದನ್ನು ಕೇಳಿ. ಖಾಸಗಿ ಶಾಲೆಯವರು ನಮ್ಮಲ್ಲಿ ಕೌನ್ಸೆಲರ್ ಇದ್ದಾರೆ ಅಂದರೆ ಅವರು ಏನು ಓದಿದ್ದಾರೆ ಅಂತಲೂ ಕೇಳಿ.

ಇಂಥ ತರಬೇತಿ ನಿಮ್ಮ ತಾಲ್ಲೂಕಿಗೆ ಬಂದರೆ ತಪ್ಪಿಸಿಕೊಳ್ಳಬೇಡಿ, ಹಾಸ್ಟೆಲ್ ವಾರ್ಡನ್‌ಗಳನ್ನೂ ಕರೆಸಿ ಅಂತ ಹಟ ಹಿಡಿಯಿರಿ. ರಾತ್ರಿ ಹೊತ್ತು ಮಕ್ಕಳ ಹತ್ತಿರ ಇರುವವರು ಅವರೇ. 14416 ನಂಬರನ್ನು ಹೆಚ್‌ಎಂ ಕೊಠಡಿಯಲ್ಲಿ ಅಂಟಿಸಿ ಸುಮ್ಮನಾಗಬೇಡಿ, ಮಕ್ಕಳು ಓಡಾಡುವ ಕಡೆ ದೊಡ್ಡದಾಗಿ ಬರೆಸಿ. ಹಾಸ್ಟೆಲ್ ಮಕ್ಕಳ ಹತ್ತಿರ ಮೊಬೈಲ್ ಇರುವುದಿಲ್ಲ, ಹಾಗಾಗಿ ಒಂದು ಫೋನ್ ಇಡಿ. ಕೇಳಲು ಬಂದ ಮಗುವಿಗೆ, ಯಾರಿಗೆ ಮಾಡ್ತೀಯ, ಯಾಕೆ ಅಂತ ವಿಚಾರಿಸದೆ ಫೋನ್ ಕೊಡಿ.