ಸಂಸತ್ತೋ, ಇಲಾಖೆಯೋ: ವಾಷಿಂಗ್ಟನ್‌ನ ಎರಡು ಫೆಲೋಶಿಪ್‌ಗಳು

ಹದಿನಾಲ್ಕು ವರ್ಷ ಮನಶ್ಶಾಸ್ತ್ರಜ್ಞೆಯಾಗಿ ಕ್ಲಿನಿಕ್ ನಡೆಸಿದವಳು ನಾನು. ನನ್ನಲ್ಲಿಗೆ ಬರುತ್ತಿದ್ದ ಎಷ್ಟೋ ಜನರ ಚಿಕಿತ್ಸೆ ವಿಮೆಯ ನಿಯಮಗಳಿಂದಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮನೋರೋಗಕ್ಕೂ ದೇಹದ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದೆಂದು ಅಮೆರಿಕದಲ್ಲಿ 2008ರಲ್ಲೇ ಕಾನೂನು ಬಂದಿದೆ. ಹಾಗಿದ್ದೂ ಹೀಗೇಕೆ ಎಂಬ ಪ್ರಶ್ನೆಯೇ ನನ್ನನ್ನು ವಾಷಿಂಗ್ಟನ್‌ಗೆ ಎಳೆದು ತಂದದ್ದು.

ಮೊದಲು ಹೋದದ್ದು ಸಂಸತ್ತಿನ ಫೆಲೋಶಿಪ್‌ಗೆ, ಅಂದರೆ ಸಂಸದರ ಕಚೇರಿಯಲ್ಲೋ ಸಮಿತಿಯಲ್ಲೋ ಒಂದು ವರ್ಷ ಕೆಲಸ ಮಾಡುವ ಅವಕಾಶಕ್ಕೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಇದನ್ನು 1974ರಲ್ಲಿ ಆರಂಭಿಸಿತು. ಸೆಪ್ಟೆಂಬರ್‌ನಲ್ಲಿ ಎರಡು ವಾರ ತರಬೇತಿ ಕೊಡುತ್ತಾರೆ, ಆಮೇಲೆ ಕಚೇರಿಯನ್ನು ನಾವೇ ಹುಡುಕಿಕೊಳ್ಳಬೇಕು. ಸಂದರ್ಶನ ಕೊಡುತ್ತಾ ಮಹಡಿಯಿಂದ ಮಹಡಿಗೆ ಅಲೆದೆ. ಕೊನೆಗೆ ಸಿಕ್ಕ ಕಚೇರಿಯಲ್ಲಿ ಮೊದಲ ಟಿಪ್ಪಣಿ ಆರು ಪುಟ ಬರೆದುಕೊಟ್ಟಾಗ, ಅಲ್ಲಿ ಕೆಲಸಕ್ಕಿದ್ದ, ನನಗಿಂತ ಹದಿನೆಂಟು ವರ್ಷ ಚಿಕ್ಕ ಹುಡುಗಿ ಪೆನ್ಸಿಲ್ ಹಿಡಿದು ‘ಇರಬಹುದು’, ‘ಸಾಧ್ಯತೆಯಿದೆ’ ಎಂದಿದ್ದಲ್ಲೆಲ್ಲ ಗೆರೆ ಎಳೆದಳು. "ಒಂದೇ ಪುಟ ಮಾಡಿ ಮೇಡಂ, ಸಂಜೆಯೊಳಗೆ ಬೇಕು" ಅಂದಳು. ಅಷ್ಟರಲ್ಲಿ ಗೋಡೆ ಗಡಿಯಾರದ ದೀಪಗಳು ಹೊತ್ತಿಕೊಂಡವು. ಮತದಾನದ ಗಂಟೆ ಬಾರಿಸಿತು, ಎಲ್ಲರೂ ಎದ್ದು ಓಡಿದರು. ಆ ವರ್ಷ ನನ್ನ ಓದಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು, ಕಚೇರಿಗೆ ಫೋನ್ ಮಾಡಿ ಅಳುವವರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸ.

ಕೆಲವು ವರ್ಷ ಬಿಟ್ಟು ಕೇಂದ್ರ ಸರ್ಕಾರದ ಇಲಾಖೆಯೊಂದಕ್ಕೆ, ಎಎಎಎಸ್ (ಅಮೆರಿಕನ್ ಅಸೋಸಿಯೇಷನ್ ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಸೈನ್ಸ್) ಎಂಬ ವಿಜ್ಞಾನ ಸಂಸ್ಥೆಯ ಫೆಲೋಶಿಪ್ ಮೇಲೆ ಹೋದೆ. ಇಲ್ಲಿ ಯಾವ ಕಚೇರಿ ಎಂಬುದು ಮೊದಲೇ ಗೊತ್ತಾಗುತ್ತದೆ, ಎರಡನೇ ವರ್ಷಕ್ಕೂ ಮುಂದುವರಿಯಲು ಅವಕಾಶವಿದೆ. ಕೆಲಸದ ವೇಗ ಮಾತ್ರ ಎತ್ತಿನಗಾಡಿಯದು. ಕರಡು ನಿಯಮಕ್ಕೆ ಜನ ಬರೆದ ಪತ್ರಗಳನ್ನು ವಾರಗಟ್ಟಲೆ ಓದಿದೆ. ಮಗನಿಗೆ ಎಷ್ಟು ಬಾರಿ ವಿಮೆ ನಿರಾಕರಣೆಯಾಯಿತೆಂದು ದಿನಾಂಕ ಸಮೇತ ಪಟ್ಟಿ ಮಾಡಿ ಕಳಿಸಿದ್ದ ಒಬ್ಬ ತಾಯಿಯ ಪತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾನೂನಿನ ಒಂದು ಸಾಲು ಆ ಮನೆಯನ್ನು ಮುಟ್ಟುವಷ್ಟರಲ್ಲಿ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ನನಗೆ ತಿಳಿದದ್ದು ಇಲ್ಲಿ.

ವೃತ್ತಿಯನ್ನೇ ಬದಲಿಸುವ ಮನಸ್ಸಿದ್ದರೆ ಇಲಾಖೆಯೇ ವಾಸಿ. ವರ್ಷದ ಮೇಲೆ ಕ್ಲಿನಿಕ್‌ಗೆ ಮರಳುವವರಿಗೆ ಸಂಸತ್ತನ್ನೇ ಹೇಳುತ್ತೇನೆ, ಅಲ್ಲಿನ ಒಂದು ವರ್ಷ ಯೋಚಿಸುವ ರೀತಿಯನ್ನೇ ತಿದ್ದುತ್ತದೆ. ನಮ್ಮ ಕಡೆಯಿಂದ ಬಂದವರು ಒಂದು ವಿಷಯ ಗಮನಿಸಿ: ಎಎಎಎಸ್‌ಗೆ ಗ್ರೀನ್ ಕಾರ್ಡ್ ಸಾಲದು, ಅಮೆರಿಕದ ಪೌರತ್ವವೇ ಬೇಕು.

ಅರ್ಜಿಗಿಂತ ಕಷ್ಟವಾದದ್ದು ಕ್ಲಿನಿಕ್ ಮುಚ್ಚುವುದು. ಮೇ ತಿಂಗಳಲ್ಲೇ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಹೇಳಿ, ಬೇರೆಯವರ ಬಳಿ ಒಪ್ಪಿಸಲು ಶುರುಮಾಡಿದೆ. ಆಗಸ್ಟ್ ಮುಗಿದರೂ ಇಬ್ಬರು ಉಳಿದಿದ್ದರು.